ಕಸಬರಿಗೆಯ ಪಾಠ

ಸುರಪುರಕ್ಕೆ ಸಮೀಪದ ಬೋನಾಳ ಗ್ರಾಮದಲ್ಲಿ ಬೆಳಗು ಎರಡು ಸದ್ದುಗಳೊಡನೆ ಆರಂಭವಾಗುತ್ತದೆ. ಒಂದು, ಸುರಪುರದ ನಾಯಕ ಅರಸರ ಕಾಲದ ವಿಶಾಲವಾದ ಕೆರೆಯಿಂದ ಕೇಳಿಬರುವ ಹಕ್ಕಿಗಳ ಕಲರವ. ಇನ್ನೊಂದು, ಮನೆಮನೆಯ ಅಂಗಳದಿಂದ ಕೇಳಿಬರುವ ಕಸಬರಿಗೆಯ ಸರಸರ ಸದ್ದು. ಮೊದಲನೆಯದನ್ನು ಕೇಳಲು ದೂರದ ಊರುಗಳಿಂದ ಜನರು ಬರುತ್ತಾರೆ. ಬೋನಾಳದ ಪಕ್ಷಿಧಾಮವು ನಾಡಿನಲ್ಲೆಲ್ಲ ಹೆಸರಾಗಿದೆ. ಚಳಿಗಾಲದಲ್ಲಿ ಹಿಮಾಲಯದ ಆಚೆಯಿಂದ ಹಾರಿಬರುವ ಪಟ್ಟೆತಲೆ ಹೆಬ್ಬಾತುಗಳನ್ನು ಕಂಡು ನೋಡುಗರು ಬೆರಗಾಗುತ್ತಾರೆ. ಎರಡನೆಯ ಸದ್ದನ್ನು ಕೇಳಲು ಮಾತ್ರ ಯಾರೂ ಬರುವುದಿಲ್ಲ. ಅದು ನಿತ್ಯವೂ ಇರುವಂಥದು. ನಿತ್ಯವೂ ಇರುವುದು ಕಿವಿಗೆ ಕೇಳಿಸುವುದಿಲ್ಲ, ಕಣ್ಣಿಗೆ ಕಾಣಿಸುವುದಿಲ್ಲ.

ಆದರೂ ಆ ಸದ್ದಿನ ಹಿಂದೆ ಎಷ್ಟೊಂದು ದುಡಿಮೆ ಇದೆ! ಅಂಗಳ ಗುಡಿಸಬೇಕು, ನೀರು ಚಿಮುಕಿಸಬೇಕು, ಸೆಗಣಿಯಿಂದ ಸಾರಿಸಬೇಕು, ರಂಗೋಲಿ ಬಿಡಿಸಬೇಕು. ದನದ ಕೊಟ್ಟಿಗೆಯ ಸೆಗಣಿಯನ್ನು ಬಳಿದು ತಿಪ್ಪೆಗೆ ಹಾಕಬೇಕು. ಒಳಗೆ ಅಡುಗೆಮನೆಯ ಒಲೆಯ ಬೂದಿ ತೆಗೆಯಬೇಕು, ಪಾತ್ರೆ ಬೆಳಗಬೇಕು. ಮಹಾನವಮಿ ಹತ್ತಿರವಾಯಿತೆಂದರೆ ಗೋಡೆಗಳಿಗೆ ಸುಣ್ಣ ಬಳಿಯಬೇಕು, ಮನೆಯ ಕೌದಿಗಳನ್ನೆಲ್ಲ ಒಗೆದು ಬಿಸಿಲಿಗೆ ಹರವಬೇಕು. ಇಷ್ಟೆಲ್ಲ ಮಾಡಿದ ಮೇಲೂ ಮರುದಿನ ಬೆಳಗಾಗುವಷ್ಟರಲ್ಲಿ ಧೂಳು ಮತ್ತೆ ತನ್ನ ಸ್ಥಾನವನ್ನು ಸೇರಿರುತ್ತದೆ. ಹೊಲದ ಕೆಲಸಕ್ಕೆ ಸುಗ್ಗಿಯೆಂಬ ಕೊನೆಯುಂಟು. ಮನೆಯ ಕಸಕ್ಕೆ ಕೊನೆಯಿಲ್ಲ.

ಇಂತಹ ಒಂದು ಮುಂಜಾನೆಯನ್ನು ಕಲ್ಪಿಸಿಕೊಳ್ಳೋಣ. ಅಜ್ಜಿ ಅಂಗಳ ಗುಡಿಸುತ್ತಿದ್ದಾಳೆ. ಕಟ್ಟೆಯ ಮೇಲೆ ಕುಳಿತ ಮೊಮ್ಮಗನು ಮೊಬೈಲಿನಲ್ಲಿ ಮಗ್ನನಾಗಿದ್ದಾನೆ. ಅವನ ಬೆರಳು ತೆರೆಯ ಮೇಲೆ ಅತ್ತಿತ್ತ ಉಜ್ಜುತ್ತಿದೆ.

“ಏನ್ ಆಡಾಕತ್ತೀಯೋ ತಮ್ಮಾ?” ಎಂದು ಅಜ್ಜಿ ಕೇಳುತ್ತಾಳೆ.

“ಮನಿ ಸ್ವಚ್ಛ ಮಾಡೋ ಆಟ ಆಯಿ. ಇನ್ನ ಎರಡು ಖೋಲಿ ಉಳದಾವ. ಅವೂ ಮಾಡಿದ್ರ ನಾ ಗೆದ್ದಂಗ.”

“ಮನಿ ಕಸಾ ಹೊಡಿಯೋದು ಆಟ ಆತೇನು? ಹಂಗಾದ್ರ ನಾ ಐವತ್ತ ವರ್ಷದಿಂದ ಆಡಾಕತ್ತೀನಿ. ಗೆದ್ದಿನೋ ಸೋತಿನೋ, ಯಾರೂ ಹೇಳೇ ಇಲ್ಲ ನೋಡಪ್ಪಾ!”

ಅಜ್ಜಿ ನಗುತ್ತಲೇ ಆಡಿದ ಮಾತು ಅದು. ಆದರೆ ಆ ನಗುವಿನೊಳಗೆ ಒಂದು ಗಂಭೀರವಾದ ಪ್ರಶ್ನೆ ಅಡಗಿದೆ. ಆಟದಲ್ಲಿ ಪ್ರಿಯವಾದ ಕೆಲಸ ಅಂಗಳದಲ್ಲಿ ಏಕೆ ಅಪ್ರಿಯವಾಗುತ್ತದೆ? ಈ ಪ್ರಶ್ನೆಗೆ ಉತ್ತರ ಹುಡುಕುವ ಮೊದಲು ಇಂತಹ ಆಟಗಳಲ್ಲಿ ಹೆಸರಾಂತ ಒಂದನ್ನು ಪರಿಚಯ ಮಾಡಿಕೊಳ್ಳುವುದು ಒಳ್ಳೆಯದು.

ಅಂಗೈಯಲ್ಲಿ ಹಿಡಿದು ಆಡುವ ವಿದ್ಯುನ್ಮಾನ ಆಟಗಳಿಗೆ ಜಪಾನ್ ದೇಶವು ಪ್ರಸಿದ್ಧವಾಗಿದೆ. ಅಲ್ಲಿನ ಕ್ಯೋಟೊ ನಗರದಲ್ಲಿ 1889ರಲ್ಲಿ ಸ್ಥಾಪನೆಯಾದ ನಿಂಟೆಂಡೊ ಎಂಬ ಸಂಸ್ಥೆಯು ಮೊದಲು ಇಸ್ಪೀಟಿನಂತಹ ಎಲೆಗಳನ್ನು ತಯಾರಿಸುತ್ತಿತ್ತು. ಆ ಸಂಸ್ಥೆಯಲ್ಲಿ ಗುನ್‌ಪೆ ಯೊಕೊಯಿ ಎಂಬ ಕುಶಲಿಯಿದ್ದನು. ರೈಲಿನಲ್ಲಿ ಹೊತ್ತು ಹೋಗದೆ ಲೆಕ್ಕದ ಯಂತ್ರದ ಗುಂಡಿಗಳನ್ನು ಒತ್ತುತ್ತ ಕುಳಿತಿದ್ದ ಪ್ರಯಾಣಿಕನೊಬ್ಬನನ್ನು ಕಂಡು, ಜೇಬಿನಲ್ಲಿ ಇಟ್ಟುಕೊಳ್ಳಬಹುದಾದ ಆಟದ ಯಂತ್ರದ ಕಲ್ಪನೆ ಅವನಿಗೆ ಹೊಳೆಯಿತೆಂದು ಹೇಳುತ್ತಾರೆ. 1980ರಲ್ಲಿ ಅಂತಹ ಯಂತ್ರವು ಮಾರುಕಟ್ಟೆಗೆ ಬಂದಿತು. 1989ರಲ್ಲಿ ಗೇಮ್‌ಬಾಯ್, 2004ರಲ್ಲಿ ಎರಡು ತೆರೆಗಳುಳ್ಳ ಡಿ.ಎಸ್. ಎಂಬ ಯಂತ್ರ ಬಂದವು. ಡಿ.ಎಸ್. ಯಂತ್ರದ ಕೆಳಗಿನ ತೆರೆಯನ್ನು ಒಂದು ಚಿಕ್ಕ ಕಡ್ಡಿಯಿಂದ ಮುಟ್ಟಿ, ಗೀಚಿ, ಉಜ್ಜಿ ಆಡಬಹುದಾಗಿತ್ತು.

ಈ ಸಂಸ್ಥೆಯು 2005ರಲ್ಲಿ ಹೊರತಂದ ಒಂದು ಆಟದ ಹೆಸರು ‘ಚಿಬಿ-ರೋಬೊ’. ಸ್ಕಿಪ್ ಎಂಬ ಬಳಗದವರು ಅದನ್ನು ರೂಪಿಸಿದ್ದರು. ಜಪಾನೀ ಭಾಷೆಯಲ್ಲಿ ‘ಚಿಬಿ’ ಎಂದರೆ ಪುಟ್ಟದು ಎಂದರ್ಥ. ಆಟದ ನಾಯಕನು ನಿಜವಾಗಿಯೂ ಪುಟ್ಟವನೇ. ಅವನ ಎತ್ತರ ಕೇವಲ 10 ಸೆಂಟಿಮೀಟರು. ಬಾಲದಂತೆ ಒಂದು ವಿದ್ಯುತ್ ತಂತಿ. ತಂತಿಯ ತುದಿಗೊಂದು ಪ್ಲಗ್ಗು. ಅವನಿಗೆ ಮಾತು ಬಾರದು. ಅವನ ಪರವಾಗಿ ಮಾತನಾಡಲು ದೂರದರ್ಶನ ಪೆಟ್ಟಿಗೆಯ ಆಕಾರದ ಸಂಗಡಿಗನೊಬ್ಬನಿದ್ದಾನೆ. ಕತ್ತಿ, ಗುರಾಣಿ, ಬಂದೂಕುಗಳನ್ನು ಹಿಡಿದ ವೀರರೇ ತುಂಬಿರುವ ಆಟಗಳ ಲೋಕದಲ್ಲಿ ಇವನು ಹಿಡಿದದ್ದು ಹಲ್ಲುಜ್ಜುವ ಬ್ರಷ್ಷನ್ನು! ಅದರಿಂದ ನೆಲದ ಕಲೆಗಳನ್ನು ಉಜ್ಜುತ್ತಾನೆ, ಬಿದ್ದ ಕಸವನ್ನು ಹೆಕ್ಕಿ ಬುಟ್ಟಿಗೆ ಹಾಕುತ್ತಾನೆ. ಒಂದೊಂದು ಕೆಲಸಕ್ಕೂ ‘ಸಂತೋಷದ ಅಂಕ’ಗಳು ದೊರೆಯುತ್ತವೆ. ಆದರೆ ಒಂದೊಂದು ಹೆಜ್ಜೆಗೂ ಅವನ ವಿದ್ಯುತ್ತು ಕಡಿಮೆಯಾಗುತ್ತದೆ. ಅದು ಮುಗಿಯುವ ಮೊದಲು ಗೋಡೆಯ ಬಳಿಗೆ ಹೋಗಿ ತನ್ನ ಪ್ಲಗ್ಗನ್ನು ತಾನೇ ಚುಚ್ಚಿಕೊಳ್ಳಬೇಕು. ಇಲ್ಲವಾದರೆ ನಡುಮನೆಯಲ್ಲೇ ಕುಸಿದು ಬೀಳುತ್ತಾನೆ.

ಆ ಮನೆಯ ಸ್ಥಿತಿಯನ್ನೂ ತಿಳಿಯಬೇಕು. ಮಗಳ ಹುಟ್ಟುಹಬ್ಬಕ್ಕೆಂದು ತಂದೆಯು ಈ ಯಂತ್ರವನ್ನು ಕೊಂಡು ತಂದಿದ್ದಾನೆ. ಆದರೆ ಅವನಿಗೆ ಉದ್ಯೋಗವಿಲ್ಲ. ದುಬಾರಿ ಆಟಿಕೆಗಳನ್ನು ಕೊಳ್ಳುವ ಚಟ ಮಾತ್ರ ಬಿಟ್ಟಿಲ್ಲ. ಮನೆಯ ಲೆಕ್ಕಪತ್ರ ನೋಡಿಕೊಳ್ಳುವ ತಾಯಿಗೆ ಈ ಹೊಸ ಖರ್ಚು ಸಿಟ್ಟು ತರಿಸುತ್ತದೆ. ಗಂಡಹೆಂಡಿರ ನಡುವೆ ಮಾತು ಕಡಿಯುತ್ತದೆ. ಎಳೆಯ ಮಗಳು ಕಪ್ಪೆಯ ಮುಖದ ಟೋಪಿಯನ್ನು ಧರಿಸಿ, ಮನುಷ್ಯರ ಮಾತನ್ನೇ ಬಿಟ್ಟು ಕಪ್ಪೆಯಂತೆ ವಟಗುಟ್ಟುತ್ತಾಳೆ. ಹೀಗೆ ನೆಲದ ಮೇಲಿನ ಕಲೆಗಳಿಗಿಂತ ಮನಸ್ಸಿನ ಕಲೆಗಳೇ ಆ ಮನೆಯಲ್ಲಿ ಹೆಚ್ಚು. ಪುಟ್ಟ ಯಂತ್ರಮಾನವನು ಮೂಲೆ ಮೂಲೆಗಳನ್ನು ಸುತ್ತುತ್ತ, ಒಬ್ಬೊಬ್ಬರ ದುಃಖವನ್ನೂ ಕೇಳುತ್ತ ಹೋಗುತ್ತಾನೆ. ಮನೆಯನ್ನು ಶುಚಿಮಾಡುವವನಿಗೆ ಮನೆಯ ಗುಟ್ಟುಗಳೆಲ್ಲ ತಿಳಿಯುತ್ತವೆ ಎಂಬ ಹಳೆಯ ಸತ್ಯವನ್ನು ಈ ಹೊಸ ಆಟವು ಚೆನ್ನಾಗಿ ಅರಿತಿದೆ.

2005ರ ಆಟವನ್ನು ಟಿ.ವಿ.ಗೆ ಜೋಡಿಸಿ ಆಡಬೇಕಾಗಿತ್ತು. 2007ರಲ್ಲಿ ಅಂಗೈಯ ಡಿ.ಎಸ್. ಯಂತ್ರಕ್ಕಾಗಿ ಇನ್ನೊಂದು ಆಟ ಬಂದಿತು. ಅದರಲ್ಲಿ ನಾಯಕನು ಉದ್ಯಾನವೊಂದನ್ನು ಬೆಳೆಸುತ್ತಾನೆ. 2009ರಲ್ಲಿ ಅದೇ ಯಂತ್ರಕ್ಕೆ ಬಂದ ಮೂರನೆಯ ಆಟದಲ್ಲಿ ಅವನು ಮತ್ತೆ ಮನೆಗೆ ಮರಳಿ ಶುಚಿಕಾರ್ಯದಲ್ಲಿ ತೊಡಗುತ್ತಾನೆ. ಇದು ಜಪಾನಿನಲ್ಲಿ ಮಾತ್ರ ಮಾರಾಟವಾಯಿತು. ಆದಕಾರಣ ಬೋನಾಳದ ಮಕ್ಕಳು ಇದನ್ನು ಆಡಿರಲಾರರು. ಆದರೂ ಆ ಆಟದ ಹೆಸರಿನಲ್ಲಿರುವ ‘ಓಸೋಜಿ’ ಎಂಬ ಶಬ್ದವು ಅವರಿಗೆ ಅಪರಿಚಿತವೆನಿಸದು. ವರ್ಷದ ಕೊನೆಯಲ್ಲಿ ಜಪಾನಿನ ಜನರು ಮನೆಯನ್ನೆಲ್ಲ ಝಾಡಿಸಿ, ತೊಳೆದು, ಹೊಸ ವರ್ಷವನ್ನು ಬರಮಾಡಿಕೊಳ್ಳುತ್ತಾರೆ. ಆ ಮಹಾಶುಚಿಗೆ ‘ಓಸೋಜಿ’ ಎಂದು ಹೆಸರು. ನಮ್ಮ ಮಹಾನವಮಿಯ ಸುಣ್ಣ, ಕೌದಿ, ಧೂಳುಗಳಿಗೆ ಅದು ದೂರದ ನಂಟನೇ ಸರಿ.

ಇನ್ನು ‘ರೋಬೊ’ ಎಂಬ ಮಾತನ್ನು ನೋಡೋಣ. ಇದು ‘ರೋಬಾಟ್’ ಎಂಬುದರ ಮೊಟಕು ರೂಪ. ಚೆಕ್ ಭಾಷೆಯ ಲೇಖಕನಾದ ಕಾರೆಲ್ ಚಾಪೆಕ್ ಎಂಬವನು 1920ರಲ್ಲಿ ಪ್ರಕಟಿಸಿದ ನಾಟಕವೊಂದರಲ್ಲಿ ಈ ಶಬ್ದವನ್ನು ಮೊದಲಿಗೆ ಬಳಸಿದನು. ಅದನ್ನು ಸೂಚಿಸಿದವನು ಅವನ ಅಣ್ಣ ಜೋಸೆಫ್. ಚೆಕ್ ಭಾಷೆಯಲ್ಲಿ ‘ರೊಬೊಟಾ’ ಎಂದರೆ ಜಮೀನಿನ ಒಡೆಯನಿಗೆ ರೈತನು ಕೂಲಿಯಿಲ್ಲದೆ ಮಾಡಿಕೊಡಬೇಕಾಗಿದ್ದ ಕಡ್ಡಾಯದ ದುಡಿಮೆ. ಕನ್ನಡದಲ್ಲಿ ಇದಕ್ಕೆ ‘ಬಿಟ್ಟಿ ಚಾಕರಿ’ ಎನ್ನುತ್ತಾರೆ. ಸಂಸ್ಕೃತದ ‘ವಿಷ್ಟಿ’ಯೇ ಕನ್ನಡದಲ್ಲಿ ‘ಬಿಟ್ಟಿ’ಯಾಯಿತು. ಜೀತದ ಪದ್ಧತಿಯನ್ನು ನಮ್ಮ ದೇಶದಲ್ಲಿ 1976ರ ಕಾನೂನು ರದ್ದುಗೊಳಿಸಿದೆ. ಆದರೂ ಬಿಟ್ಟಿ ದುಡಿಮೆಯ ನೆನಪು ಆ ಯಂತ್ರದ ಹೆಸರಿನಲ್ಲೇ ಉಳಿದುಕೊಂಡಿದೆ. ಮನುಷ್ಯನು ತಾನು ಮಾಡಲೊಲ್ಲದ, ಆದರೆ ಆಗಲೇಬೇಕಾದ ಕೆಲಸವನ್ನು ಯಾರ ತಲೆಯ ಮೇಲಾದರೂ ಹೊರಿಸಲು ಹವಣಿಸುತ್ತಲೇ ಬಂದಿದ್ದಾನೆ. ಹಿಂದೆ ಆ ತಲೆ ಬಡವನದಾಗಿತ್ತು. ಇಂದು ಅದು ಯಂತ್ರದ್ದಾಗಲಿ ಎಂದು ಅವನು ಬಯಸುತ್ತಾನೆ.

ಆ ಬಯಕೆ ಸ್ವಲ್ಪಮಟ್ಟಿಗೆ ಕೈಗೂಡಿದೆ. ಧೂಳು ಹೀರುವ ಯಂತ್ರವನ್ನು ಇಂಗ್ಲೆಂಡಿನ ಹ್ಯೂಬರ್ಟ್ ಸೆಸಿಲ್ ಬೂತ್ ಎಂಬ ಎಂಜಿನಿಯರನು 1901ರಲ್ಲಿ ನಿರ್ಮಿಸಿದನು. ಅದಕ್ಕೆ ಚಕ್ರ, ಬ್ಯಾಟರಿ, ಅಡ್ಡಿಯನ್ನು ಅರಿಯುವ ಸಾಧನಗಳನ್ನು ಕೂಡಿಸಿದ ‘ರೂಂಬಾ’ ಎಂಬ ಯಂತ್ರವು 2002ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದಿತು. ತಟ್ಟೆಯಾಕಾರದ ಈ ಯಂತ್ರವು ನೆಲದ ಮೇಲೆ ತಾನೇ ಸುತ್ತಾಡುತ್ತದೆ. ಮೇಜಿನ ಕಾಲಿಗೆ ತಾಗಿದರೆ ದಿಕ್ಕು ಬದಲಿಸುತ್ತದೆ. ಆದರೆ ಅದರ ಬಲವೆಲ್ಲ ನುಣುಪಾದ, ಸಮತಟ್ಟಾದ ನೆಲದ ಮೇಲೆ ಮಾತ್ರ. ಹಳ್ಳಿಯ ಮನೆಯ ಎತ್ತರದ ಹೊಸ್ತಿಲು ಅದಕ್ಕೆ ದಾಟಲಾರದ ಬೆಟ್ಟ. ಮಣ್ಣಿನ ಅಂಗಳ, ಸೆಗಣಿ ಬಿದ್ದ ಕೊಟ್ಟಿಗೆಗಳಲ್ಲಿ ಅದು ಹೆಜ್ಜೆಯಿಡಲಾರದು. ಹೀಗಿರಲು ಬೋನಾಳದ ಅಜ್ಜಿಯ ಕಸಬರಿಗೆಗೆ ಸದ್ಯಕ್ಕೆ ಪ್ರತಿಸ್ಪರ್ಧಿಯಿಲ್ಲ.

ಈಗ ಅಜ್ಜಿಯ ಪ್ರಶ್ನೆಗೆ ಮರಳೋಣ. ಆಟದಲ್ಲಿ ಮನೆ ಗುಡಿಸಲು ಬಾಲಕನಿಗೆ ಉತ್ಸಾಹ ಬಂದುದೇಕೆ? ಕಾರಣಗಳು ಸ್ಪಷ್ಟವಾಗಿವೆ. ಆಟದಲ್ಲಿ ಪ್ರತಿಯೊಂದು ಕಲೆಗೂ ಲೆಕ್ಕವಿದೆ. ಉಜ್ಜಿದ ಕೂಡಲೆ ಅಂಕ ಏರುತ್ತದೆ, ಮಧುರವಾದ ನಾದ ಹೊಮ್ಮುತ್ತದೆ, ಮನೆಯವರು ಮೆಚ್ಚುತ್ತಾರೆ. ಕೆಲಸಕ್ಕೊಂದು ಮುಕ್ತಾಯವಿದೆ. ಎಲ್ಲಕ್ಕಿಂತ ಮಿಗಿಲಾಗಿ, ಬೇಡವೆನಿಸಿದಾಗ ಯಂತ್ರವನ್ನು ಮುಚ್ಚಿ ಎದ್ದುಹೋಗಬಹುದು. ಅಜ್ಜಿಯ ಅಂಗಳದಲ್ಲಿ ಇವು ಯಾವುವೂ ಇಲ್ಲ. ಗುಡಿಸಿದ ಅಂಗಳವನ್ನು ಯಾರೂ ಗಮನಿಸರು. ಗುಡಿಸದ ಅಂಗಳವನ್ನು ಎಲ್ಲರೂ ಗಮನಿಸುವರು. ಪುಟ್ಟ ಯಂತ್ರಮಾನವನಿಗೆ ಸುಸ್ತಾದರೆ ಗೋಡೆಯಲ್ಲಿ ಪ್ಲಗ್ಗಿದೆ. ಅಜ್ಜಿಯ ಬೆನ್ನುನೋವಿಗೆ ಅಂತಹ ಗೋಡೆಯೂ ಇಲ್ಲ.

ಇದು ಒಬ್ಬ ಅಜ್ಜಿಯ ಮಾತಲ್ಲ. ಭಾರತದ ಜನರು ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆಂದು ತಿಳಿಯಲು 2019ರಲ್ಲಿ ಸರ್ಕಾರವು ರಾಷ್ಟ್ರವ್ಯಾಪಿ ಸಮೀಕ್ಷೆಯೊಂದನ್ನು ನಡೆಸಿತು. ಕೂಲಿಯಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕಾಗಿ ದಿನಕ್ಕೆ ಸರಾಸರಿ 299 ನಿಮಿಷಗಳನ್ನು, ಗಂಡಸರು 97 ನಿಮಿಷಗಳನ್ನು ವಿನಿಯೋಗಿಸುತ್ತಾರೆಂದು ಅದರಿಂದ ತಿಳಿದುಬಂದಿತು. ಅದೂ ಮನೆಗೆಲಸವನ್ನು ಅಷ್ಟಿಷ್ಟಾದರೂ ಮಾಡುವ ಗಂಡಸರ ಲೆಕ್ಕ. ಆರು ವರ್ಷ ಮೇಲ್ಪಟ್ಟ ಹೆಂಗಸರಲ್ಲಿ ನೂರಕ್ಕೆ ಸುಮಾರು 81 ಮಂದಿ ಈ ಕೆಲಸದಲ್ಲಿ ತೊಡಗಿದ್ದರೆ, ಗಂಡಸರಲ್ಲಿ ಸುಮಾರು 26 ಮಂದಿ ಮಾತ್ರ ತೊಡಗಿದ್ದರು. ದಿನಕ್ಕೆ ಐದು ಗಂಟೆಗಳ ಈ ದುಡಿಮೆಗೆ ಸಂಬಳವಿಲ್ಲ, ರಜೆಯಿಲ್ಲ, ನಿವೃತ್ತಿಯಿಲ್ಲ. ಮನೆಯ ಹೆಣ್ಣುಮಗಳು ಓದುವ ಹೊತ್ತಿನಲ್ಲಿ ಕಸಬರಿಗೆ ಹಿಡಿದರೆ, ಅವಳ ಪುಸ್ತಕದಿಂದ ಕಳೆದುಹೋದ ನಿಮಿಷಗಳನ್ನು ಮರಳಿ ಕೊಡುವವರಾರು?

ಕಸಬರಿಗೆಯ ಕೆಲಸಕ್ಕೆ ಗೌರವವಿಲ್ಲವೆಂಬ ಭಾವನೆಯನ್ನು ಕನ್ನಡ ನಾಡು ಎಂಟುನೂರು ವರ್ಷಗಳ ಹಿಂದೆಯೇ ಪ್ರಶ್ನಿಸಿತ್ತು. ಹನ್ನೆರಡನೆಯ ಶತಮಾನದ ಶರಣರು ದುಡಿಮೆಯಲ್ಲಿ ಮೇಲುಕೀಳುಗಳನ್ನು ಎಣಿಸಲಿಲ್ಲ. ಸುರಪುರ ಸೀಮೆಯ ಮುದನೂರಿನವನೆಂದು ಪ್ರಸಿದ್ಧನಾದ ದೇವರ ದಾಸಿಮಯ್ಯನು ಬಟ್ಟೆ ನೇಯುತ್ತಲೇ ವಚನಗಳನ್ನು ರಚಿಸಿದನು. ಶರಣೆಯರಲ್ಲಿ ಸತ್ಯಕ್ಕನೆಂಬವಳಿದ್ದಳು. ಶಿವಭಕ್ತರ ಮನೆಗಳ ಅಂಗಳವನ್ನು ಗುಡಿಸುವುದೇ ಅವಳ ಕಾಯಕ. ‘ಶಂಭುಜಕ್ಕೇಶ್ವರ’ ಎಂಬ ಅಂಕಿತದಲ್ಲಿ ಅವಳು ವಚನಗಳನ್ನು ಬರೆದಳು. ಲಂಚಕ್ಕೆ ಕೈಯೊಡ್ಡುವುದಿಲ್ಲ, ದಾರಿಯಲ್ಲಿ ಹೊನ್ನು ಬಿದ್ದಿದ್ದರೂ ಮುಟ್ಟುವುದಿಲ್ಲ ಎಂಬ ಕಠಿಣವಾದ ವ್ರತವನ್ನು ಅವಳು ತನ್ನ ವಚನದಲ್ಲಿ ಸಾರಿದ್ದಾಳೆ. ಗುಡಿಸುವವಳ ಕಣ್ಣಿಗೆ ಬೇರೆಯವರಿಗಿಂತ ಮೊದಲು ಬೀಳುವುದು ನೆಲದ ಮೇಲಿನ ವಸ್ತುವೇ. ಆದಕಾರಣ ಆ ವ್ರತಕ್ಕೆ ವಿಶೇಷವಾದ ಅರ್ಥವಿದೆ.

ಇಲ್ಲಿ ಒಂದು ಸ್ವಾರಸ್ಯವಾದ ಹೋಲಿಕೆ ಹೊಳೆಯುತ್ತದೆ. ಆಟದ ಪುಟ್ಟ ಯಂತ್ರಮಾನವನು ಮನೆಯಲ್ಲಿ ಬಿದ್ದ ನಾಣ್ಯಗಳನ್ನು ಹೆಕ್ಕಿಕೊಂಡು ತನಗೆ ಬೇಕಾದ ಸಾಮಾನುಗಳನ್ನು ಕೊಳ್ಳುತ್ತಾನೆ. ಆಟದ ನಿಯಮವೇ ಹಾಗಿದೆ. ಸತ್ಯಕ್ಕನು ಹೊನ್ನನ್ನು ಮುಟ್ಟಲಿಲ್ಲ. ಅವಳಿಗೆ ಅಂಕವೂ ಇರಲಿಲ್ಲ, ಮಧುರವಾದ ನಾದವೂ ಇರಲಿಲ್ಲ. ಯಂತ್ರವು ನಿಯಮದಂತೆ ನಡೆಯುತ್ತದೆ. ಮನುಷ್ಯಳು ತನಗೆ ತಾನೇ ನಿಯಮವನ್ನು ವಿಧಿಸಿಕೊಂಡು ನಡೆದಳು. ಇವೆರಡರ ನಡುವಿನ ಅಂತರವು ಹತ್ತು ಸೆಂಟಿಮೀಟರಿನದಲ್ಲ.

ಹಾಗೆಂದು ಯಂತ್ರವನ್ನು ತಿರಸ್ಕರಿಸುವುದು ಸರಿಯಲ್ಲ. ದುಡಿಮೆಗೆ ಗೌರವ ಕೊಡುವುದೆಂದರೆ ದುಡಿಯುವವನನ್ನು ಅಪಾಯಕ್ಕೆ ದೂಡುವುದಲ್ಲ. ಮಲಗುಂಡಿ ಮತ್ತು ಒಳಚರಂಡಿಗಳಲ್ಲಿ ಇಳಿದು ವಿಷಗಾಳಿಗೆ ಸಿಕ್ಕಿ ಪ್ರಾಣ ಕಳೆದುಕೊಂಡವರು ನಮ್ಮ ದೇಶದಲ್ಲಿ ಅನೇಕರಿದ್ದಾರೆ. ಜಾತಿಯ ಹೆಸರಿನಲ್ಲಿ ಈ ಕೆಲಸವನ್ನು ಕೆಲವರ ಮೇಲೆ ಮಾತ್ರ ಹೊರಿಸಿದ್ದು ನಮ್ಮ ಸಮಾಜದ ದೊಡ್ಡ ಕಳಂಕ. ಮಲ ಹೊರುವ ಪದ್ಧತಿಯನ್ನೂ, ರಕ್ಷಣೆಯಿಲ್ಲದೆ ಮನುಷ್ಯರನ್ನು ಗುಂಡಿಗೆ ಇಳಿಸುವುದನ್ನೂ 2013ರ ಕಾನೂನು ನಿಷೇಧಿಸಿದೆ. ನೆರೆಯ ಕೇರಳದ ಯುವ ಎಂಜಿನಿಯರುಗಳು ರೂಪಿಸಿದ ‘ಬ್ಯಾಂಡಿಕೂಟ್’ ಎಂಬ ಯಂತ್ರವನ್ನು 2018ರಲ್ಲಿ ತಿರುವನಂತಪುರದಲ್ಲಿ ಬಳಕೆಗೆ ತರಲಾಯಿತು. ಕಾರ್ಮಿಕನು ಮೇಲೆ ನಿಂತು ಅದನ್ನು ನಡೆಸುತ್ತಾನೆ. ಯಂತ್ರದ ತೋಳು ಒಳಗೆ ಇಳಿದು ಕೆಸರನ್ನು ಎತ್ತುತ್ತದೆ. ಇಂತಹ ಕಡೆ ಯಂತ್ರವು ಆಟಿಕೆಯೂ ಅಲ್ಲ, ಸೋಮಾರಿತನದ ಸಾಧನವೂ ಅಲ್ಲ. ಅದು ಒಂದು ಜೀವದ ರಕ್ಷಕ. ಮನುಷ್ಯನು ಇಳಿಯಬಾರದ ಕಡೆ ಯಂತ್ರ ಇಳಿಯಲಿ. ಮನುಷ್ಯನು ಬಾಗಬೇಕಾದ ಕಡೆ ಮನುಷ್ಯನೇ ಬಾಗಲಿ.

ಬಾಗಬೇಕಾದ ಕಡೆ ಬಾಗುವುದನ್ನು ಜಪಾನಿನ ಶಾಲೆಗಳು ಮಕ್ಕಳಿಗೆ ಕಲಿಸುತ್ತವೆ. ಅಲ್ಲಿ ಪಾಠದ ನಂತರ ವಿದ್ಯಾರ್ಥಿಗಳು ಸರದಿಯ ಪ್ರಕಾರ ತರಗತಿಯನ್ನೂ ಮೊಗಸಾಲೆಯನ್ನೂ ಗುಡಿಸಿ ಒರೆಸುತ್ತಾರೆ. ಉಪಾಧ್ಯಾಯರೂ ಅವರೊಡನೆ ಸೇರುತ್ತಾರೆ. ಅದರಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲ. ಸರದಿಯು ಎಲ್ಲರಿಗೂ ಬರುವುದರಿಂದಲೇ ಅದು ಶಿಕ್ಷಣವಾಗುತ್ತದೆ. ಅದೇ ಕೆಲಸವನ್ನು ತರಗತಿಯ ಕೆಲವು ಮಕ್ಕಳಿಗೆ ಮಾತ್ರ, ಅವರ ಬಡತನವನ್ನೋ ಜಾತಿಯನ್ನೋ ನೋಡಿ ಹೇಳಿದರೆ ಅದು ಶಿಕ್ಷಣವಾಗದು, ಅವಮಾನವಾದೀತು. ಕಸಬರಿಗೆ ಒಂದೇ. ಎಲ್ಲರ ಕೈಯಲ್ಲಿ ಸುತ್ತಿದರೆ ಅದು ಸಮಾನತೆಯ ಸಾಧನ; ಒಬ್ಬರ ಕೈಯಲ್ಲೇ ನಿಂತರೆ ಅದು ಬಿಟ್ಟಿ ಚಾಕರಿಯ ಗುರುತು.

ಪುಟ್ಟ ಯಂತ್ರಮಾನವನ ಆಟವನ್ನು ಬರಿಯ ಕಾಲಹರಣವೆಂದು ತಳ್ಳಿಹಾಕಬೇಕಾಗಿಲ್ಲ. ಆಡುವವನನ್ನು ಅದು ಹತ್ತು ಸೆಂಟಿಮೀಟರಿಗೆ ಕುಗ್ಗಿಸುತ್ತದೆ. ಕುಗ್ಗಿದವನ ಕಣ್ಣಿಗೆ ಮನೆಯ ನೆಲವು ಬಯಲಾಗಿ, ಒಂದು ಮೆಟ್ಟಿಲು ಬೆಟ್ಟವಾಗಿ, ಒಂದು ಕಲೆ ಕೆರೆಯಾಗಿ ತೋರುತ್ತದೆ. ಆಗ ಒಂದು ಮನೆಯನ್ನು ಶುಚಿಯಾಗಿಡುವುದು ಎಷ್ಟು ದೊಡ್ಡ ಕೆಲಸವೆಂಬುದು ಅವನಿಗೆ ಅರಿವಾಗುತ್ತದೆ. ಆ ಅರಿವು ಅಂಗೈಯಲ್ಲಿ ಹುಟ್ಟಿ ಅಂಗೈಯಲ್ಲೇ ಸಾಯಬಾರದು. ಅದು ಅಂಗಳಕ್ಕೆ ಇಳಿದಾಗ ಮಾತ್ರ ಸಾರ್ಥಕವಾಗುತ್ತದೆ.

ಬೋನಾಳದ ಕಟ್ಟೆಯ ಮೇಲಿನ ಬಾಲಕನು ಅಜ್ಜಿಯ ಮಾತಿಗೆ ಉತ್ತರ ಕೊಡಲಾರದೆ ಸ್ವಲ್ಪ ಹೊತ್ತು ಸುಮ್ಮನಿದ್ದನೆಂದು ಭಾವಿಸೋಣ. ಅನಂತರ ಅವನು ಮೊಬೈಲನ್ನು ಕಟ್ಟೆಯ ಮೇಲಿಟ್ಟು, ಇಳಿದು ಬಂದು, ಅಜ್ಜಿಯ ಕೈಯಿಂದ ಕಸಬರಿಗೆಯನ್ನು ತೆಗೆದುಕೊಂಡನು. ಗುಡಿಸಲು ಬಾರದವನ ಕೈಯಲ್ಲಿ ಧೂಳು ಮುಂದಕ್ಕೆ ಹೋಗುವ ಬದಲು ಮೇಲಕ್ಕೆ ಎದ್ದಿತು. ಅಜ್ಜಿ ಸೆರಗಿನಿಂದ ಮೂಗು ಮುಚ್ಚಿಕೊಂಡು, ಮೊದಲು ನೀರು ಚಿಮುಕಿಸಬೇಕೆಂದು ಹೇಳಿಕೊಟ್ಟಳು. ಅರ್ಧ ಗಂಟೆಯಲ್ಲಿ ಅಂಗಳ ಹಸನಾಯಿತು. ಬಾಲಕನು ಬೆನ್ನು ನೆಟ್ಟಗೆ ಮಾಡಿ, “ಆತು ನೋಡು ಆಯಿ, ಗೆದ್ದೆ!” ಎಂದನು.

ಅಜ್ಜಿ ಅಂಗಳದ ತುಂಬ ಕಣ್ಣಾಡಿಸಿ, “ಚಲೋ ಮಾಡೀದಿ. ಆದ್ರ ಆ ಮೂಲಿ ಉಳೀತು ನೋಡು ತಮ್ಮಾ. ಇರ್ಲಿ, ನಾಳೆ ಮತ್ತ ಐತಲ್ಲ” ಎಂದಳು.

ಕೆರೆಯ ಕಡೆಯಿಂದ ಹಕ್ಕಿಗಳ ಸದ್ದು ಕೇಳಿಬರುತ್ತಿತ್ತು. ಬಾಲಕನು ಉಳಿದ ಮೂಲೆಯನ್ನು ನಾಳೆಗೆ ಬಿಡಲಿಲ್ಲ.

ಅಭ್ಯಾಸ

1. ಬೋನಾಳದ ಬೆಳಗಿನ ಎರಡು ಸದ್ದುಗಳು ಯಾವುವು? ಅವುಗಳಲ್ಲಿ ಒಂದು ಮಾತ್ರ ಜನರ ಗಮನ ಸೆಳೆಯಲು ಕಾರಣವೇನು?
2. ‘ರೋಬಾಟ್’ ಎಂಬ ಶಬ್ದಕ್ಕೂ ‘ಬಿಟ್ಟಿ ಚಾಕರಿ’ಗೂ ಇರುವ ಸಂಬಂಧವನ್ನು ವಿವರಿಸಿರಿ.
3. ಸತ್ಯಕ್ಕನ ಕಾಯಕವನ್ನೂ ಆಟದ ಯಂತ್ರಮಾನವನ ಕೆಲಸವನ್ನೂ ಹೋಲಿಸಿರಿ.
4. “ಗೆದ್ದಿನೋ ಸೋತಿನೋ, ಯಾರೂ ಹೇಳೇ ಇಲ್ಲ” – ಈ ಮಾತನ್ನು ಯಾರು, ಯಾರಿಗೆ, ಯಾವ ಸಂದರ್ಭದಲ್ಲಿ ಹೇಳಿದರು? ಇದರ ಸ್ವಾರಸ್ಯವೇನು?
5. ನಿಮ್ಮ ಮನೆಯಲ್ಲಿ ಒಂದು ದಿನ ಯಾರು ಯಾವ ಕೆಲಸಕ್ಕೆ ಎಷ್ಟು ನಿಮಿಷ ಕಳೆಯುತ್ತಾರೆಂಬುದನ್ನು ಬರೆದಿಟ್ಟು, ಆ ಪಟ್ಟಿಯಿಂದ ನೀವು ಕಂಡುಕೊಂಡುದನ್ನು ಹತ್ತು ವಾಕ್ಯಗಳಲ್ಲಿ ಬರೆಯಿರಿ.